ಕೆಂಪುಕಣದ ಗಾತ್ರ

ಕೆಂಪು ರಕ್ತಕಣ ಎಂಬುದು ಏಳೆಂಟು ಮೈಕ್ರಾನ್ ಅಗಲದ, ಎರಡೂ ಬದಿ ನಡುವೆ ತಗ್ಗಾದ ಬಿಲ್ಲೆ. ಮಜ್ಜೆಯಲ್ಲಿ ಹುಟ್ಟಿ, ರಕ್ತಕ್ಕೆ ಬರುವ ಮೊದಲೇ ತನ್ನ ಕೋಶಕೇಂದ್ರವನ್ನು ಕಳೆದುಕೊಂಡು, ಸುಮಾರು 120 ದಿನ ಆಮ್ಲಜನಕ ಹೊತ್ತು ತಿರುಗುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇಂಥ ಕಣಗಳು 40ರಿಂದ 55 ಲಕ್ಷ ಇರುತ್ತವೆ. ರಕ್ತಹೀನತೆ ಇದೆ ಎಂದು ಹೇಳಲು ಹಿಮೋಗ್ಲೋಬಿನ್ ಅಳತೆಯೊಂದೇ ಸಾಕು. ಅದು ಏಕೆ ಬಂತು ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಮೊದಲ ಸುಳಿವು ಕೊಡುವುದು ಕಣದ ಗಾತ್ರ.

ಈ ಸುಳಿವಿನ ಬೆಲೆ ಎಷ್ಟೆಂಬುದನ್ನು ಮುಂಬೈಯ ಬಟ್ಟೆ ಗಿರಣಿಗಳ ಕಾಲ ತೋರಿಸಿಕೊಟ್ಟಿದೆ. ಗರ್ಭಿಣಿಯರನ್ನು ಕಾಡುತ್ತಿದ್ದ, ಎಷ್ಟೋ ಸಲ ಜೀವವನ್ನೇ ತೆಗೆಯುತ್ತಿದ್ದ ರಕ್ತಹೀನತೆಯನ್ನು ಅಭ್ಯಸಿಸಲು ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಪರೇಲ್‌ನ ಹಾಫ್‌ಕಿನ್ ಸಂಸ್ಥೆಗೆ ಬಂದರು. ರೋಗಿಗಳ ರಕ್ತದಲ್ಲಿ ಕಣಗಳ ಸಂಖ್ಯೆ ಕುಸಿದಿತ್ತು, ಉಳಿದ ಕಣಗಳು ಮಾತ್ರ ಅಳತೆ ಮೀರಿ ದೊಡ್ಡವಾಗಿದ್ದವು. ಕಬ್ಬಿಣದ ಕೊರತೆಯಾಗಿದ್ದರೆ ಕಣ ಸಣ್ಣದಾಗಬೇಕಿತ್ತು. ಹಾಗಾಗಿ ಇದು ಬೇರೆಯೇ ಕೊರತೆ. ವಿಲ್ಸ್ ರೋಗಿಗಳ ಊಟವನ್ನು ಗಮನಿಸಿದರು: ಆಹಾರ ತೀರಾ ಕಳಪೆಯಾಗಿದ್ದ ಬಡ ಹೆಂಗಸರಲ್ಲೇ ರೋಗ ಹೆಚ್ಚು. ಅದೇ ಬಗೆಯ ಆಹಾರವನ್ನು ಇಲಿಗಳಿಗೆ, ಮುಂದೆ ಕೋತಿಗಳಿಗೆ ತಿನ್ನಿಸಿ ನೋಡಿದರು. ಕೊನೆಗೆ ಗುಣ ಕೊಟ್ಟಿದ್ದು ಯೀಸ್ಟ್ ಸಾರ, ಅಂಗಡಿಯಲ್ಲಿ ಸಿಗುವ ಮಾರ್ಮೈಟ್. ಅದನ್ನು ಕೊಟ್ಟಾಗ ಗರ್ಭಿಣಿಯರೂ ಚೇತರಿಸಿಕೊಂಡರು. 1931ರಲ್ಲಿ ಪ್ರಕಟವಾದ ಈ ಶೋಧದಿಂದ ಆ ಅಜ್ಞಾತ ಪೋಷಕಕ್ಕೆ ‘ವಿಲ್ಸ್ ಅಂಶ’ ಎಂಬ ಹೆಸರು ಬಂತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ಫೋಲಿಕ್ ಆಮ್ಲವೇ ಅದು ಎಂದು ಆಮೇಲೆ ಖಚಿತವಾಯಿತು. ಇಂದು ಗರ್ಭಿಣಿಯರಿಗೆ ಕೊಡುವ ಮಾತ್ರೆಯ ಮೂಲ ಹೀಗೆ ಪರೇಲ್‌ವರೆಗೆ ಹೋಗುತ್ತದೆ. ವಿಲ್ಸ್ ಹೆಸರು ಈ ನಗರದಲ್ಲಿ ಇನ್ನಷ್ಟು ಜನರಿಗೆ ಗೊತ್ತಿರಬೇಕಿತ್ತು.

ಫೋಲಿಕ್ ಆಮ್ಲ ಅಥವಾ ಬಿ12 ಜೀವಸತ್ವ ಇಲ್ಲದಿದ್ದರೆ ಡಿಎನ್‌ಎ ತಯಾರಿ ತಡವಾಗುತ್ತದೆ. ಮಜ್ಜೆಯ ಜೀವಕೋಶ ಸಕಾಲಕ್ಕೆ ಎರಡಾಗಿ ಒಡೆಯದೆ ಬೆಳೆಯುತ್ತಲೇ ಹೋಗುತ್ತದೆ. ಕಬ್ಬಿಣ ಸಾಲದಾದಾಗ ಆಗುವುದು ಇದಕ್ಕೆ ತದ್ವಿರುದ್ಧ: ಹಿಮೋಗ್ಲೋಬಿನ್ ತುಂಬದ ಕೋಶ ಮತ್ತೆ ಮತ್ತೆ ಒಡೆದು ಕಣ ಕಿರಿದಾಗುತ್ತದೆ, ಬಿಳಿಚಿಕೊಳ್ಳುತ್ತದೆ.

ಇವತ್ತು ರಕ್ತಕಣಗಳನ್ನು ಎಣಿಸುವ ಸಿಬಿಸಿ ಯಂತ್ರ ಕಣದ ಸರಾಸರಿ ಗಾತ್ರವನ್ನು ಎಂಸಿವಿ ಎಂದು ಅಚ್ಚು ಮಾಡಿ ಕೊಡುತ್ತದೆ. 80ರಿಂದ 100 ಫೆಮ್ಟೋಲೀಟರ್ ಇದ್ದರೆ ಸಹಜ. ಆದರೆ ಕಣವನ್ನು ಕಣ್ಣಾರೆ ನೋಡಲು ಸ್ಮಿಯರ್, ಅಂದರೆ ಗಾಜಿನ ಸ್ಲೈಡಿನ ಮೇಲೆ ರಕ್ತದ ತೆಳು ಲೇಪ, ಬೇಕೇ ಬೇಕು. ಸ್ಲೈಡಿನ ಒಂದು ತುದಿಯಲ್ಲಿ ರಕ್ತದ ಸಣ್ಣ ತೊಟ್ಟಿಟ್ಟು, ಇನ್ನೊಂದು ಸ್ಲೈಡನ್ನು ಓರೆಯಾಗಿ ತಾಗಿಸಿ, ತೊಟ್ಟು ಅಂಚಿನುದ್ದಕ್ಕೂ ಹರಿದ ಕೂಡಲೇ ತಡೆಯಿಲ್ಲದೆ ಮುಂದಕ್ಕೆ ದೂಡುತ್ತಾರೆ. ಲೇಪ ದಪ್ಪವಾಗಿ ಶುರುವಾಗಿ ನಾಲಿಗೆಯಂತೆ ತೆಳುವಾಗಿ ಮುಗಿಯಬೇಕು. ಅದು ಬೇಗ ಒಣಗಬೇಕು ಕೂಡ. ಮುಂಬೈಯ ಮಳೆಗಾಲದ ತೇವದಲ್ಲಿ ಒಣಗುವುದು ನಿಧಾನವಾದರೆ ರಕ್ತದಲ್ಲಿ ಇಲ್ಲದ ವಿಕಾರಗಳು ಕಣಗಳ ಮೇಲೆ ಮೂಡುತ್ತವೆ. ಲೀಶ್‌ಮನ್ ಬಣ್ಣ ಹಾಕಿ ತೊಳೆದು, ಕಣಗಳು ಒಂದರ ಮೇಲೊಂದು ಬೀಳದ ಜಾಗದಲ್ಲಿ ನೋಡಬೇಕು. ಸಹಜ ಕೆಂಪುಕಣವು ಲಿಂಫೋಸೈಟ್ ಎಂಬ ಸಣ್ಣ ಬಿಳಿಕಣದ ಕೋಶಕೇಂದ್ರದಷ್ಟೇ ಇರುತ್ತದೆ. ನಡುವಿನ ಮೂರನೇ ಒಂದು ಪಾಲು ತಿಳಿ ಬಣ್ಣದ್ದು. ಅಂಚಿಗೆ ಉಂಗುರದಷ್ಟೇ ಬಣ್ಣ ಉಳಿದಿದ್ದರೆ ಕಬ್ಬಿಣದ ಕೊರತೆಯ ಶಂಕೆ. ಮೊಟ್ಟೆಯಾಕಾರದ ದೊಡ್ಡ ಕಣಗಳ ಜೊತೆ ಕೋಶಕೇಂದ್ರದಲ್ಲಿ ಆರು ಹಾಲೆಯಿರುವ ನ್ಯೂಟ್ರೋಫಿಲ್ ಎಂಬ ಬಿಳಿಕಣ ಸಿಕ್ಕರೆ ಫೋಲಿಕ್ ಆಮ್ಲ, ಬಿ12ರತ್ತ ನೋಡಬೇಕು. ಮಲೇರಿಯಾ ಪರಾವಲಂಬಿ ಕಾಣುವುದೂ ಇದೇ ಸ್ಲೈಡಿನಲ್ಲಿ. ಅದರ ವೈವ್ಯಾಕ್ಸ್ ಎಂಬ ಬಗೆ ಹೊಕ್ಕ ಕಣ ನೆರೆಯ ಕಣಗಳಿಗಿಂತ ಉಬ್ಬಿರುತ್ತದೆ.

ಸಣ್ಣ ಕಣವೆಲ್ಲ ಕಬ್ಬಿಣದ ಕೊರತೆಯೂ ಅಲ್ಲ. ಮುಂಬೈ, ಉಲ್ಲಾಸನಗರದ ಸಿಂಧಿ ಕುಟುಂಬಗಳಲ್ಲಿ ಹಿಮೋಗ್ಲೋಬಿನ್ ತಯಾರಿ ಕುಂದುವ ಆನುವಂಶಿಕ ರೋಗವಾದ ಬೀಟಾ ಥಲಸೀಮಿಯಾದ ವಾಹಕರು ಹೆಚ್ಚು. ಇವರ ಎಂಸಿವಿ ಕಡಿಮೆ, ಆದರೆ ಕಣಗಳ ಸಂಖ್ಯೆ ಸಾಮಾನ್ಯವಾಗಿ 50 ಲಕ್ಷ ದಾಟಿರುತ್ತದೆ. ಹಿಮೋಗ್ಲೋಬಿನ್ ಎ2 ಶೇ. 3.5ಕ್ಕಿಂತ ಹೆಚ್ಚಿದ್ದರೆ ವಾಹಕ ಎಂಬುದು ಬಹುಮಟ್ಟಿಗೆ ಖಚಿತ. ಕೊರತೆ ಇಲ್ಲದ ಇಂಥವರಿಗೆ ಕಬ್ಬಿಣ ಕೊಟ್ಟು ಪ್ರಯೋಜನವಿಲ್ಲ. ಗಂಡ ಹೆಂಡಿರಿಬ್ಬರೂ ವಾಹಕರಾದರೆ ಪ್ರತಿ ಬಸಿರಲ್ಲೂ ಮಗುವಿಗೆ ತೀವ್ರ ಥಲಸೀಮಿಯಾ ಬರುವ ಸಂಭವ ನಾಲ್ಕರಲ್ಲೊಂದು.

ಸರಾಸರಿ ಮೋಸ ಮಾಡುವ ಸಂದರ್ಭವೂ ಉಂಟು. ಕಬ್ಬಿಣವೂ ಬಿ12ವೂ ಒಟ್ಟಿಗೆ ಕಡಿಮೆಯಾದರೆ ಸಣ್ಣ ಕಣ, ದೊಡ್ಡ ಕಣ ಬೆರೆತು ಎಂಸಿವಿ 90 ಎಂದು ಬರಬಹುದು. ಆಗ ಕಣಗಳ ಗಾತ್ರದ ಏರುಪೇರು ಹೇಳುವ ಆರ್‌ಡಿಡಬ್ಲ್ಯೂ ಏರಿರುತ್ತದೆ, ಸ್ಮಿಯರಿನಲ್ಲಿ ಎರಡೂ ಬಗೆಯ ಕಣಗಳು ಅಕ್ಕಪಕ್ಕದಲ್ಲೇ ಕಾಣುತ್ತವೆ.