ಮೊಟ್ಟೆ, ದೇವರು ಮತ್ತು ಸರ್ಕಾರಿ ಶಾಲೆಯ ತಟ್ಟೆ

ಮಂಡ್ಯ ತಾಲ್ಲೂಕಿನ ಆಲಕೆರೆಯ ಸರ್ಕಾರಿ ಶಾಲೆ 2025ರ ಜುಲೈನಲ್ಲಿ ರಾಜ್ಯಕ್ಕೆಲ್ಲ ಸುದ್ದಿಯಾಯಿತು. ವೀರಭದ್ರೇಶ್ವರ ಸ್ವಾಮಿ ದೇವಸ್ಥಾನದ ಹತ್ತಿರವಿರುವ ಶಾಲೆಯಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬೇಯಿಸಕೂಡದು ಎಂದು ಪಟ್ಟು ಹಿಡಿದ ಹಲವು ಪೋಷಕರು ಮಕ್ಕಳ ವರ್ಗಾವಣೆ ಪತ್ರ (ಟಿ.ಸಿ.) ತೆಗೆದುಕೊಂಡು ಹೊರಟರು. ಮೊಟ್ಟೆ ಬೇಕೆನ್ನುವ ಪೋಷಕರೂ ಅದೇ ಊರಿನಲ್ಲಿದ್ದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲೂ ಗುಡಿಯ ಮಗ್ಗುಲಿಗೇ ಶಾಲೆಯಿರುವ ಊರುಗಳಿಗೆ ಬರವಿಲ್ಲ. ಆಲಕೆರೆಯಲ್ಲಿ ಎದ್ದ ಮಾತು ನಾಳೆ ಅಲ್ಲಿಯೂ ಏಳಬಹುದು. ಅದಕ್ಕೆ ಮೊದಲೇ ಕೆಲವು ತಪ್ಪು ತಿಳಿವಳಿಕೆಗಳನ್ನು ತಿದ್ದಿಕೊಳ್ಳುವುದು ಒಳ್ಳೆಯದು.

ತಪ್ಪು ಕಲ್ಪನೆ 1: ಸರ್ಕಾರ ಎಲ್ಲ ಮಕ್ಕಳಿಗೂ ಬಲವಂತವಾಗಿ ಮೊಟ್ಟೆ ತಿನ್ನಿಸುತ್ತಿದೆ.

ವಾಸ್ತವ: ಯಾರ ಬಾಯಿಗೂ ಯಾರೂ ತುರುಕುತ್ತಿಲ್ಲ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡಬೇಕೆಂಬುದು ಬಿಸಿಯೂಟದ ಯೋಜನೆಯಲ್ಲೇ ಇದೆ. ಮೊದಲು ಶೇಂಗಾ ಚಿಕ್ಕಿಯೂ ಇತ್ತು. ಗುಣಮಟ್ಟದ ದೂರುಗಳು ಬಂದ ಮೇಲೆ 2025ರಲ್ಲಿ ಅದನ್ನು ಕೈಬಿಟ್ಟರು. ಮೊಟ್ಟೆ ತಿನ್ನುವ ಮನೆಗಳಲ್ಲೂ ಸೋಮವಾರ ಇಲ್ಲವೇ ಶನಿವಾರ ಮುಟ್ಟದವರು, ಶ್ರಾವಣ ಪೂರ್ತಿ ಬಿಡುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಅಂಥ ದಿನ ಆ ಮಗು ಬಾಳೆಹಣ್ಣು ಕೇಳಿದರೆ ಕೊಡುವುದೇ ಸರಿ. ನೇಮ ಇಟ್ಟುಕೊಂಡ ಮನೆಗೆ ಆ ನೇಮ ಉಳಿಯಲಿ. ಪಕ್ಕದ ಮಗುವಿನ ತಟ್ಟೆಯ ಮೇಲೆ ಅದನ್ನು ಹೇರುವ ಅಧಿಕಾರ ಮಾತ್ರ ಯಾವ ಮನೆಗೂ ಇಲ್ಲ.

ತಪ್ಪು ಕಲ್ಪನೆ 2: ದೇವಸ್ಥಾನದ ಹತ್ತಿರ ಶಾಲೆ ಇದ್ದರೆ ಊರಿನ ಕಟ್ಟುಪಾಡು ಶಾಲೆಗೂ ಅನ್ವಯಿಸುತ್ತದೆ.

ವಾಸ್ತವ: ಗುಡಿಯ ಅಂಗಳಕ್ಕೆ ಗುಡಿಯ ನೇಮ, ಶಾಲೆಯ ಕಾಂಪೌಂಡಿಗೆ ಸಂವಿಧಾನದ ನೇಮ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಯಾವುದೇ ಧರ್ಮದ ಬೋಧನೆ ಕೂಡದು ಎನ್ನುತ್ತದೆ 28(1)ನೇ ವಿಧಿ. ಅಡುಗೆ ಮನೆಯ ಬಗ್ಗೆ ಆ ವಿಧಿ ಏನೂ ಹೇಳುವುದಿಲ್ಲ, ನಿಜ. ಆದರೆ ಶಾಲೆ ಯಾವ ಒಂದು ನಂಬಿಕೆಯ ಸ್ವತ್ತೂ ಅಲ್ಲ ಎಂಬ ಅದರ ಆಶಯ ಅಡುಗೆ ಮನೆಯ ಬಾಗಿಲಲ್ಲಿ ನಿಂತುಬಿಡುವಂಥದ್ದಲ್ಲ. 25ನೇ ವಿಧಿ ಕೊಡುವ ಧರ್ಮದ ಸ್ವಾತಂತ್ರ್ಯ ಒಬ್ಬೊಬ್ಬರಿಗೂ ಸೇರಿದ್ದು. ಊರಿನ ಹೆಚ್ಚು ಜನ ಸೇರಿ ತೀರ್ಮಾನ ಮಾಡಿದರೆಂದು ಉಳಿದ ಮಕ್ಕಳ ಪಾಲು ಕಡಿಮೆಯಾಗುವುದಿಲ್ಲ.

ಹಾಗೆಂದು ಭಕ್ತರ ಅಳುಕನ್ನು ಕಡೆಗಣಿಸಬೇಕಿಲ್ಲ. ಮೊಟ್ಟೆ ಬೇಯಿಸಲು ಬೇರೆ ಪಾತ್ರೆ, ಅದನ್ನು ಬೇರೆಯಾಗಿ ತೊಳೆದಿಡುವುದು, ಸಿಪ್ಪೆಯನ್ನು ಅಲ್ಲಲ್ಲಿ ಬಿಸಾಡದೆ ಒಂದು ಗುಂಡಿಗೆ ಹಾಕುವುದು: ಇಷ್ಟು ಮಾಡಿದರೆ ಅರ್ಧ ತಕರಾರು ತಣ್ಣಗಾಗುತ್ತದೆ. ಅಡುಗೆಯವರು ಸಾಂಬಾರಿನ ಪಾತ್ರೆ ಇಳಿಸಿದ ಮೇಲೆ ಇನ್ನೊಂದು ಒಲೆಯಲ್ಲಿ ಮೊಟ್ಟೆ ಇಟ್ಟು, ಬೆಂದದ್ದನ್ನು ತಣ್ಣೀರಿಗೆ ಹಾಕಿ ಸುಲಿದು, ಬೇಕೆಂದವರ ತಟ್ಟೆಗೆ ಇಟ್ಟು ಹೋಗುವ ಕೆಲಸ ಇದು. ಇದರಲ್ಲಿ ಗುಡಿಗೆ ಮೈಲಿಗೆಯಾಗುವಂಥದ್ದೇನೂ ಇಲ್ಲ.

ತಪ್ಪು ಕಲ್ಪನೆ 3: ನಮ್ಮ ಸಂಸ್ಕೃತಿಯೇ ಸಸ್ಯಾಹಾರ, ಮೊಟ್ಟೆ ಹೊರಗಿನಿಂದ ಬಂದದ್ದು.

ವಾಸ್ತವ: ಭಾರತದ ಮಹಾ ರಿಜಿಸ್ಟ್ರಾರ್ ಕಚೇರಿಯ 2014ರ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಸಸ್ಯಾಹಾರಿಗಳು ಶೇ 21ರಷ್ಟು. ಮಂಡ್ಯ ಸೀಮೆಗಂತೂ ಅಂಕಿಅಂಶವೇ ಬೇಡ. ಯುಗಾದಿಯ ಮಾರನೇ ದಿನದ ಹೊಸತೊಡಕು, ಊರಹಬ್ಬದ ಬಾಡೂಟ, ನಾಟಿಕೋಳಿ ಸಾರು–ಮುದ್ದೆ ಇಲ್ಲದ ನೆಂಟಸ್ತಿಕೆ ಎಲ್ಲಿದೆ? 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲೂ ಗೋಷ್ಠಿಗಳಷ್ಟೇ ಜೋರಾಗಿ ಚರ್ಚೆಯಾದದ್ದು ಬಾಡೂಟ.

ಅದೇ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಹತ್ತಿದರೆ ಶ್ರೀವೈಷ್ಣವ ಮನೆಗಳ ಅಡುಗೆಯೇ ಬೇರೆ. ಬೆಟ್ಟ ಇಳಿದರೆ ಬೇರೆ ಊಟ. ಎರಡೂ ಈ ನೆಲದ್ದೇ. ಒಂದೇ ತಾಲ್ಲೂಕಿನಲ್ಲಿ ಎರಡು ಊಟಗಳು ಇಷ್ಟು ಕಾಲ ಬಾಳಿರುವಾಗ, ಒಂದೇ ಶಾಲೆಯ ಜಗಲಿಯಲ್ಲಿ ಎರಡು ತಟ್ಟೆಗಳು ಬಾಳಲಾರವೆ?

ತಪ್ಪು ಕಲ್ಪನೆ 4: ಬಾಳೆಹಣ್ಣು ಕೊಟ್ಟರೆ ಮೊಟ್ಟೆಗೆ ಸಮವಾಯಿತು, ಎಲ್ಲರಿಗೂ ಅದನ್ನೇ ಕೊಡಿ.

ವಾಸ್ತವ: ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನ್ ಇರುತ್ತದೆ, ಬಾಳೆಹಣ್ಣಿನಲ್ಲಿ 1 ಗ್ರಾಂ ಆಸುಪಾಸು. ಒಂದರಿಂದ ಐದನೇ ತರಗತಿಯ ಮಗುವಿಗೆ ಬಿಸಿಯೂಟದಿಂದ ದಿನಕ್ಕೆ 12 ಗ್ರಾಂ ಪ್ರೊಟೀನ್ ಸಿಗಬೇಕು ಎಂಬುದು ನಿಯಮ. ಅದರರ್ಧ ಒಂದೇ ಮೊಟ್ಟೆಯಲ್ಲಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶಾಲೆಯ ಮೆಟ್ಟಿಲು ಹತ್ತುವ ಹೊತ್ತಿಗೇ ಹಿಂದೆ ಬಿದ್ದಿರುವ ಮಕ್ಕಳಿಗೆ ಈ ಮೊಟ್ಟೆ ಹಸಿವಿನ ಮದ್ದು.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಅನ್ಯಾಯ ಆಗುತ್ತಿರುವುದು ಸಸ್ಯಾಹಾರಿ ಮಗುವಿಗೆ. ಅದಕ್ಕೂ ಸಮಪಾಲು ಬೇಕು. ಮೊಳಕೆ ಕಾಳು, ಕಡಲೆಕಾಳಿನ ಉಸ್ಲಿ, ಜಾಸ್ತಿ ಹಾಲು ಕೊಡಿ ಎಂದು ಕೇಳಿದರೆ ಅದು ನ್ಯಾಯವಾದ ಬೇಡಿಕೆ. ಮಠಗಳೂ ಸಂಘಟನೆಗಳೂ ಮೊಟ್ಟೆ ನಿಲ್ಲಿಸಿ ಎನ್ನುವ ಬದಲು ಇದಕ್ಕಾಗಿ ದನಿ ಎತ್ತಿದರೆ ಎರಡೂ ಕಡೆಯ ಮಕ್ಕಳಿಗೆ ಲಾಭ.

ತಪ್ಪು ಕಲ್ಪನೆ 5: ಇದು ಒಂದು ಪಕ್ಷದ ಹುನ್ನಾರ.

ವಾಸ್ತವ: ಎರಡೂ ಪಕ್ಷಗಳ ಸರ್ಕಾರಗಳು ಬೆಳೆಸಿದ ಯೋಜನೆ ಇದು. 2021ರ ಡಿಸೆಂಬರ್‌ನಲ್ಲಿ ಬಸವರಾಜ ಬೊಮ್ಮಾಯಿ ಅವರ ಬಿಜೆಪಿ ಸರ್ಕಾರ ಅಪೌಷ್ಟಿಕತೆ ಹೆಚ್ಚಿರುವ ಉತ್ತರದ ಜಿಲ್ಲೆಗಳಲ್ಲಿ ಮೊದಲು ಶುರು ಮಾಡಿತು. ಕೆಲವು ಲಿಂಗಾಯತ, ಜೈನ ಮಠಾಧೀಶರು ವಿರೋಧಿಸಿದರೂ 2022ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿತು. 2023ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯ ಅವರ ಕಾಂಗ್ರೆಸ್ ಸರ್ಕಾರ ವಾರಕ್ಕೆ ಎರಡು ದಿನ, ಹತ್ತನೇ ತರಗತಿವರೆಗೆ ಎಂದಿತು. ಅದಕ್ಕೆ ಚಾಲನೆ ಸಿಕ್ಕಿದ್ದು ಮಂಡ್ಯ ಜಿಲ್ಲೆಯಲ್ಲೇ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಮುಂದೆ ಬಂದ ಮೇಲೆ ವಾರಕ್ಕೆ ಆರು ದಿನವಾಯಿತು. ಪಕ್ಕದ ತಮಿಳುನಾಡು ದಶಕಗಳಿಂದ ಶಾಲೆಯಲ್ಲಿ ಮೊಟ್ಟೆ ಕೊಡುತ್ತಿದೆ. ದೂರಲೇಬೇಕೆಂದರೆ ದರದ ಬಗ್ಗೆ ದೂರಬಹುದು: ಮೊಟ್ಟೆಗೆ 6 ರೂಪಾಯಿ ಎಂದು ಲೆಕ್ಕ ಕಟ್ಟಿ, ಮಾರುಕಟ್ಟೆಯಲ್ಲಿ ಬೆಲೆ ಏರಿದಾಗ ಮೇಲಿನ ದುಡ್ಡನ್ನು ಹೆಡ್‌ಮಾಸ್ಟರ್ ಜೇಬಿನಿಂದ ಹಾಕಿಸುವುದು ಸರಿಯಲ್ಲ.

ತಪ್ಪು ಕಲ್ಪನೆ 6: ತಿನ್ನುವವರನ್ನು ಬೇರೆ ಸಾಲಿನಲ್ಲಿ ಕೂರಿಸಿದರೆ ಜಗಳ ಮುಗಿಯುತ್ತದೆ.

ವಾಸ್ತವ: ಜಗಳ ಮುಗಿಯುವುದಿಲ್ಲ, ಪಂಕ್ತಿಭೇದ ಶುರುವಾಗುತ್ತದೆ. ಮೊಟ್ಟೆಯ ಸಾಲು ಜಾತಿಯ ಸಾಲಾಗಲು ನಮ್ಮ ಊರುಗಳಲ್ಲಿ ಬಹಳ ದಿನ ಹಿಡಿಯದು. ಬಿಸಿಯೂಟ ಶಾಲೆಗೆ ಬಂದದ್ದರ ಹಿಂದೆ ಹೊಟ್ಟೆ ತುಂಬಿಸುವುದರ ಜೊತೆಗೆ ಒಟ್ಟಿಗೆ ಕೂರಿಸುವ ಉದ್ದೇಶವೂ ಇತ್ತು. 2001ರ ನವೆಂಬರ್ 28ರಂದು ಬೇಯಿಸಿದ ಊಟ ಕೊಡಿ ಎಂದು ಆದೇಶಿಸಿದ ಸುಪ್ರೀಂ ಕೋರ್ಟ್, 2004ರಲ್ಲಿ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಇರಲಿ ಎಂದಿತು. ತಟ್ಟೆಯಲ್ಲಿ ಏನಿದೆ ಎಂಬುದು ಬೇರೆಯಿರಲಿ, ಕೂರುವ ಸಾಲು ಒಂದೇ ಇರಬೇಕು.

ತಪ್ಪು ಕಲ್ಪನೆ 7: ಟಿ.ಸಿ. ತೆಗೆದುಕೊಂಡರೆ ಇಲಾಖೆ ದಾರಿಗೆ ಬರುತ್ತದೆ.

ವಾಸ್ತವ: ಪಕ್ಕದೂರಿನ ಸರ್ಕಾರಿ ಶಾಲೆಯಲ್ಲೂ ಮೊಟ್ಟೆ ಬೇಯುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಕಿರಿಯ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬ ಲೆಕ್ಕವಿದೆ. ಮಕ್ಕಳು ಕಡಿಮೆಯಾದರೆ ಮೇಷ್ಟ್ರ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಶಾಲೆ ಸೊರಗುತ್ತದೆ. ನಷ್ಟ ಊರಿನದು, ಖಾಸಗಿ ಶಾಲೆಯ ಫೀಸು ಕಟ್ಟಲಾಗದ ಮನೆಗಳದಂತೂ ಇನ್ನೂ ಹೆಚ್ಚು.

ಅದಕ್ಕಿಂತ ಒಳ್ಳೆಯ ದಾರಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆ. ಕಾಯ್ದೆಯ ಪ್ರಕಾರ ಅದರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಮುಂದಿನ ಸಭೆಗೆ ತಪ್ಪದೆ ಹೋಗಿ. ಬೇರೆ ಪಾತ್ರೆ ಇದೆಯೇ, ಬಾಳೆಹಣ್ಣು ಹಣ್ಣಾಗಿದೆಯೇ, ಹಾಲು ನೀರಾಗಿದೆಯೇ ಎಂದು ಕೇಳಿ. ನಿಮ್ಮ ಮಗು ಮೊಟ್ಟೆ ತಿನ್ನುವುದಿಲ್ಲವೆಂದರೆ ಅದನ್ನು ಬರೆದುಕೊಡಿ. ಪಕ್ಕದ ಮನೆಯ ಮಗುವಿನ ಪಾಲಿನ ಮೊಟ್ಟೆಯನ್ನು ಮಾತ್ರ ತಡೆಯಬೇಡಿ.