ಪಟ್ಟಿ ಎತ್ತಿ ಕಟ್ಟಿದ ನಾಟಕ

ಹಾನಗಲ್ ತಾಲ್ಲೂಕಿನ ಶೇಷಗಿರಿ ಗೊತ್ತಲ್ಲ? ಪುಟ್ಟ ಹಳ್ಳಿ. ಆದರೆ ಅಲ್ಲಿ ಊರವರದೇ ರಂಗಮಂದಿರ ಇದೆ, ಗಜಾನನ ಯುವಕ ಮಂಡಳದ ನಾಟಕ ತಂಡವೂ ಇದೆ.

ಇಂಥ ಊರುಗಳಲ್ಲೂ ನಾಟಕೋತ್ಸವ ಅಂದಮೇಲೆ ಖರ್ಚು ಇದ್ದೇ ಇದೆ. 1985ರಲ್ಲಿ ಹೆಗ್ಗೋಡಿನಿಂದ ಹೊರಟ ‘ನೀನಾಸಂ ತಿರುಗಾಟ’ ಎಂಬ ಸಂಚಾರಿ ನಾಟಕ ತಂಡವನ್ನೇ ನೋಡಿ. ಆ ತಂಡ ಬರಬೇಕಾದರೆ ಪ್ರತಿ ಊರಲ್ಲೂ ಹೊಣೆ ಹೊರುವ ಸಂಘಟಕರು ಬೇಕು.

ಹಣ ಎಲ್ಲಿಂದ? ನಮ್ಮ ಕಡೆ ‘ಪಟ್ಟಿ ಎತ್ತೋದು’ ಅಂತೀವಿ. ರಸೀದಿ ಪುಸ್ತಕ ಹಿಡಿದು ನಾಲ್ಕು ಜನ ಪೇಟೆ ಸುತ್ತುತ್ತಾರೆ. ಗೊಬ್ಬರದಂಗಡಿಯವರು ಐನೂರು ಬರೆಸುತ್ತಾರೆ. ಬ್ಯಾನರಿನಲ್ಲಿ ಅವರ ಹೆಸರು ಬರುತ್ತದೆ. ದುಡ್ಡು ಕೊಡಲಾಗದವರು ಒಂದು ಚೀಲ ಅಕ್ಕಿ ಕೊಡುತ್ತಾರೆ, ಇಲ್ಲವೇ ಕಲಾವಿದರಿಗೆ ಒಂದು ಹೊತ್ತಿನ ರೊಟ್ಟಿ ಬುತ್ತಿ. ನನ್ನ ಲೆಕ್ಕದಲ್ಲಿ ಆ ರೊಟ್ಟಿಯೇ ದೊಡ್ಡ ಪ್ರಾಯೋಜಕತ್ವ.

ಒಬ್ಬರೇ ಪ್ರಾಯೋಜಕರನ್ನು ನೆಚ್ಚಿದರೆ, ಅವರು ಕೈಬಿಟ್ಟ ವರ್ಷ ಉತ್ಸವವೇ ನಿಂತೀತು. ಯಾವ ನಾಟಕ ಆಡಬೇಕೆಂದೂ ಅವರೇ ಹೇಳಿಯಾರು. ನೂರು ಜನರ ಪಟ್ಟಿಗೆ ಆ ಭಯವಿಲ್ಲ.

ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಅಂಗಡಿಕಾರರೇ, ರಸೀದಿ ಪುಸ್ತಕ ನಿಮ್ಮ ಬಾಗಿಲಿಗೆ ಬಂದರೆ ಹೆಸರು ಬರೆಸಿ. ನಾಟಕದ ದಿನ ಅಂಗಡಿ ಬೇಗ ಮುಚ್ಚಿ, ಮನೆಮಂದಿಯನ್ನೆಲ್ಲ ಕರೆದುಕೊಂಡು ಬನ್ನಿ.