ನೆಲ ಬಿಡದೆ ಹಾರುವ ವಿಮಾನ

ಹೊಳೆಯಲ್ಲಿ ಈಜು ಕಲಿಯುವ ಹುಡುಗರು ಬೆನ್ನಿಗೆ ಒಣಗಿದ ಸೋರೆ ಬುರುಡೆಯನ್ನೋ ಖಾಲಿ ಡಬ್ಬಿಯನ್ನೋ ಕಟ್ಟಿಕೊಳ್ಳುತ್ತಾರೆ. ಸೈಕಲ್ ಕಲಿಯುವಾಗ ಅಣ್ಣನೋ ಅಕ್ಕನೋ ಹಿಂದಿನಿಂದ ಹಿಡಿದುಕೊಂಡು ಓಡಿ ಬರುತ್ತಾರೆ. ಬಿದ್ದರೂ ಮೊಣಕಾಲು ತರಚೀತು, ಅಷ್ಟೆ. ಆದರೆ ವಿಮಾನ ಕಲಿಯುವವರು ಏನು ಮಾಡಬೇಕು? ಅದಕ್ಕೆ ಬುರುಡೆ ಕಟ್ಟಲು ಬರುವುದಿಲ್ಲ, ಹಿಂದಿನಿಂದ ಹಿಡಿದುಕೊಳ್ಳಲೂ ಆಗುವುದಿಲ್ಲ. ಆಕಾಶದಲ್ಲಿ ಮಾಡಿದ ಒಂದು ಸಣ್ಣ ತಪ್ಪಿಗೆ ಪ್ರಾಣವನ್ನೇ ಕೊಡಬೇಕಾಗಬಹುದು.

ಹಾಗಾದರೆ ತಪ್ಪು ಮಾಡಿಯೂ ಬದುಕಿ ಉಳಿದು ಕಲಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಯಂತ್ರವೇ ಸಿಮ್ಯುಲೇಟರ್. ಇದು ನೆಲ ಬಿಟ್ಟು ಏಳದ, ಆದರೆ ಹಾರಿದಂತೆಯೇ ಅನಿಸುವ ಅಣಕು ವಿಮಾನ. ಇಂದು ಪೈಲಟ್‌ಗಳು ಇದರಲ್ಲಿ ಪಾಠ ಕಲಿಯುತ್ತಾರೆ. ಮನೆಯ ಕಂಪ್ಯೂಟರ್‌ನಲ್ಲಿ ಇದನ್ನು ಹವ್ಯಾಸವಾಗಿ ನಡೆಸುವವರೂ ಜಗತ್ತಿನ ತುಂಬ ಇದ್ದಾರೆ. ಇದರ ಕಥೆ ತಿಳಿಯೋಣ, ಬನ್ನಿ.

ಪೀಪಾಯಿಯ ಮೇಲೆ ಕುಳಿತ ಪೈಲಟ್

ಅಮೆರಿಕದ ರೈಟ್ ಸಹೋದರರು ತಮ್ಮ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದ್ದು 1903ರ ಡಿಸೆಂಬರ್ 17ರಂದು. ಆ ಹಾರಾಟ ನಡೆದದ್ದು ಕೇವಲ 12 ಸೆಕೆಂಡು. ದಾಟಿದ ದೂರ 120 ಅಡಿ. ನಂತರದ ವರ್ಷಗಳಲ್ಲಿ ವಿಮಾನಗಳು ಹೆಚ್ಚಿದವು, ಅಪಘಾತಗಳೂ ಹೆಚ್ಚಿದವು.

1910ರ ಸುಮಾರಿಗೆ ಫ್ರಾನ್ಸ್ ದೇಶದಲ್ಲಿ ಒಂದು ಉಪಾಯ ಹೂಡಿದರು. ಒಂದು ಪೀಪಾಯಿಯನ್ನು ಎರಡು ಹೋಳು ಮಾಡಿ, ಒಂದರ ಮೇಲೊಂದು ಇಟ್ಟು, ಮೇಲೆ ಕಲಿಯುವವನನ್ನು ಕೂರಿಸಿದರು. ಅವನ ಕೈಗೆ ವಿಮಾನದಲ್ಲಿರುವಂಥ ಚಕ್ರಗಳನ್ನು ಕೊಟ್ಟರು. ಕೆಳಗೆ ನಿಂತವರು ಪೀಪಾಯಿಯನ್ನು ಅತ್ತಿತ್ತ ಓಲಾಡಿಸುತ್ತಿದ್ದರು. ಕಲಿಯುವವನು ಚಕ್ರ ತಿರುಗಿಸಿ ಅದನ್ನು ಮತ್ತೆ ಸಮಕ್ಕೆ ತರಬೇಕು. ನೋಡಿದವರಿಗೆ ನಗು ಬಂದಿರಬಹುದು. ಆದರೆ ಬಿದ್ದರೂ ಸಾಯದೆ ಕಲಿಯಲು ಅಲ್ಲಿ ದಾರಿ ಸಿಕ್ಕಿತ್ತು.

ತಿದಿಯಿಂದ ಬಂದ ಯಂತ್ರ

ಕಮ್ಮಾರರ ಕುಲುಮೆಯಲ್ಲಿ ತಿದಿಯನ್ನು ನೋಡಿದ್ದೀರಾ? ಒತ್ತಿದರೆ ಗಾಳಿ ಹೊರಗೆ ನುಗ್ಗುತ್ತದೆ, ಬಿಟ್ಟರೆ ಮತ್ತೆ ಉಬ್ಬುತ್ತದೆ. ಭಜನೆಯಲ್ಲಿ ನುಡಿಸುವ ಹಾರ್ಮೋನಿಯಂನ ಹಿಂಬದಿಯಲ್ಲಿರುವುದೂ ಒಂದು ಬಗೆಯ ತಿದಿಯೇ. ವಿಮಾನ ಕಲಿಸುವ ಯಂತ್ರ ಹುಟ್ಟಿದ್ದು ಇಂಥ ತಿದಿಯಿಂದ ಎಂದರೆ ನಂಬುತ್ತೀರಾ?

ಅಮೆರಿಕದ ಬಿಂಗ್‌ಹ್ಯಾಮ್ಟನ್ ಊರಿನ ಎಡ್ವಿನ್ ಲಿಂಕ್ ಎಂಬ ಯುವಕನ ಮನೆಯವರು ಆರ್ಗನ್ ಮತ್ತು ಪಿಯಾನೊ ತಯಾರಿಸುತ್ತಿದ್ದರು. ಆರ್ಗನ್ ಕೂಡ ಗಾಳಿಯಿಂದ ನುಡಿಯುವ ವಾದ್ಯ. ಲಿಂಕ್‌ಗೆ ವಿಮಾನ ಹಾರಿಸುವ ಆಸೆ. ಆದರೆ ಆಗ ವಿಮಾನದ ಪಾಠ ಬಹಳ ದುಬಾರಿ. ನೆಲದ ಮೇಲೆಯೇ ಕಲಿಯಬಾರದೇಕೆ ಎಂದು ಆತ ಯೋಚಿಸಿದ. ತಂದೆಯ ಕಾರ್ಖಾನೆಯಲ್ಲಿದ್ದ ತಿದಿ, ಕವಾಟ, ಪಂಪುಗಳನ್ನು ಬಳಸಿ 1929ರ ಹೊತ್ತಿಗೆ ಒಂದು ಪುಟ್ಟ ಅಣಕು ವಿಮಾನ ಮಾಡಿದ. ಒಳಗೆ ಕುಳಿತವನು ಹಿಡಿಯನ್ನು ಎಡಕ್ಕೆ ತಳ್ಳಿದರೆ ಒಂದು ಕಡೆಯ ತಿದಿ ಕುಗ್ಗುತ್ತದೆ, ಇನ್ನೊಂದು ಕಡೆಯದು ಉಬ್ಬುತ್ತದೆ, ವಿಮಾನ ಎಡಕ್ಕೆ ವಾಲುತ್ತದೆ!

ಮೊದಮೊದಲು ಸೈನ್ಯದವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಜಾತ್ರೆಯಂಥ ಮನರಂಜನಾ ಉದ್ಯಾನಗಳಲ್ಲಿ ಮಕ್ಕಳು ಕಾಸು ಕೊಟ್ಟು ಇದರಲ್ಲಿ ಕೂರುತ್ತಿದ್ದರು. 1934ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂಚೆ ಸಾಗಿಸುವ ಕೆಲಸ ಬಂತು. ಚಳಿಗಾಲದ ಮಂಜು, ಕತ್ತಲೆಯಲ್ಲಿ ಹಾರಿ ಅಭ್ಯಾಸವಿಲ್ಲದ ಹಲವು ಪೈಲಟ್‌ಗಳು ಕೆಲವೇ ವಾರಗಳಲ್ಲಿ ಸತ್ತರು. ಆಗ ಸೈನ್ಯಕ್ಕೆ ಲಿಂಕ್‌ನ ನೆನಪಾಯಿತು. ಮೊದಲು ಆರು ಯಂತ್ರಗಳನ್ನು ಕೊಂಡರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಇಂಥ ಯಂತ್ರಗಳು ಸಾವಿರಾರು ಆದವು, ಲಕ್ಷಾಂತರ ಜನ ಅವುಗಳಲ್ಲಿ ಕಲಿತರು. ನೀಲಿ ಬಣ್ಣದ ಈ ಯಂತ್ರಕ್ಕೆ ಅವರಿಟ್ಟ ಹೆಸರು ‘ನೀಲಿ ಪೆಟ್ಟಿಗೆ’.

ಕಿವಿ ಹೇಳುವ ಸುಳ್ಳು

ಮಂಜಿನಲ್ಲಿ ಪೈಲಟ್‌ಗಳು ಏಕೆ ಸತ್ತರು? ಹೊರಗೆ ಏನೂ ಕಾಣದಿದ್ದರೂ ವಿಮಾನ ವಾಲುತ್ತಿದೆ ಎಂದು ಮೈಗೆ ಗೊತ್ತಾಗುವುದಿಲ್ಲವೇ? ಇಲ್ಲ! ಅದಕ್ಕೆ ಕಾರಣ ನಮ್ಮ ಕಿವಿ.

ಒಳಗಿವಿಯಲ್ಲಿ ಬಳೆಯ ತುಂಡಿನಂಥ ಮೂರು ಪುಟ್ಟ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ದ್ರವ ಹಿಂದೆ ಉಳಿಯುತ್ತದೆ, ಅದರಿಂದ ನಾವು ತಿರುಗುತ್ತಿದ್ದೇವೆ ಎಂದು ಮೆದುಳಿಗೆ ತಿಳಿಯುತ್ತದೆ. ಒಂದೇ ಸಮನೆ ತಿರುಗುತ್ತಲೇ ಇದ್ದರೆ ದ್ರವವೂ ನಮ್ಮ ಜೊತೆಗೇ ತಿರುಗತೊಡಗುತ್ತದೆ. ಆಗ ‘ನಾನು ತಿರುಗುತ್ತಿಲ್ಲ’ ಎಂದು ಕಿವಿ ಹೇಳುತ್ತದೆ. ನಿಂತ ಕೂಡಲೇ ದ್ರವ ಇನ್ನೂ ತಿರುಗುತ್ತಿರುವುದರಿಂದ ‘ನಾನು ಈಗ ಉಲ್ಟಾ ತಿರುಗುತ್ತಿದ್ದೇನೆ’ ಎನ್ನುತ್ತದೆ. ಎರಡೂ ಸುಳ್ಳು!

ಒಂದು ಬಟ್ಟಲಿನಲ್ಲಿ ನೀರು ಹಾಕಿ, ಮೇಲೆ ಒಂದು ಒಣ ಎಲೆಯ ಚೂರು ತೇಲಿಬಿಡಿ. ಬಟ್ಟಲನ್ನು ತಟ್ಟನೆ ತಿರುಗಿಸಿ. ಎಲೆ ಮೊದಲು ನಿಂತಲ್ಲೇ ಉಳಿಯುತ್ತದೆ. ಬಟ್ಟಲನ್ನು ತಿರುಗಿಸುತ್ತಲೇ ಇದ್ದರೆ ಎಲೆಯೂ ತಿರುಗುತ್ತದೆ. ಈಗ ಬಟ್ಟಲನ್ನು ನಿಲ್ಲಿಸಿ. ಎಲೆ ನಿಲ್ಲುವುದಿಲ್ಲ. ನಿಮ್ಮ ಕಿವಿಯೊಳಗೆ ನಡೆಯುವುದೂ ಇದೇ.

ಮೋಡದೊಳಗಿನ ಪೈಲಟ್ ಕಿವಿಯ ಮಾತು ಕೇಳಿ ವಿಮಾನವನ್ನು ‘ಸರಿಪಡಿಸಲು’ ಹೋದರೆ ಕೆಡಿಸಿಬಿಡುತ್ತಾನೆ. ಅವನು ನಂಬಬೇಕಾದದ್ದು ಎದುರಿನ ಮೀಟರುಗಳನ್ನು. ಲಿಂಕ್ ಯಂತ್ರದಲ್ಲಿ ಮೇಲಿನ ಮುಚ್ಚಳ ಹಾಕಿಬಿಟ್ಟರೆ ಒಳಗೆ ಕುಳಿತವನಿಗೆ ಹೊರಗಿನದೇನೂ ಕಾಣುತ್ತಿರಲಿಲ್ಲ. ಮೀಟರು ನೋಡಿಯೇ ನಡೆಸಬೇಕು. ಹೊರಗೆ ಗುರುಗಳ ಮೇಜಿನ ಮೇಲಿದ್ದ ನಕಾಶೆಯಲ್ಲಿ ಅವನು ಹೋದ ದಾರಿಯನ್ನು ಒಂದು ಪುಟ್ಟ ಗಾಲಿ ಶಾಯಿಯಿಂದ ಗೆರೆ ಎಳೆದು ತೋರಿಸುತ್ತಿತ್ತು. ದಾರಿ ತಪ್ಪಿದ್ದು ಎಲ್ಲಿ ಎಂದು ಮುಚ್ಚಳ ತೆಗೆದ ಮೇಲೆ ಕೂತು ನೋಡಬಹುದಿತ್ತು.

ಕುರ್ಚಿ ಬಾಗಿದರೆ ವೇಗ ಹೆಚ್ಚುತ್ತದೆ!

ಇಂದಿನ ದೊಡ್ಡ ಸಿಮ್ಯುಲೇಟರ್ ಒಂದು ಕೋಣೆಯಷ್ಟಿರುತ್ತದೆ. ಒಳಗೆ ನಿಜವಾದ ವಿಮಾನದ ಕಾಕ್‌ಪಿಟ್. ಕಿಟಕಿಯ ಜಾಗದಲ್ಲಿ ಪರದೆ. ಕೆಳಗೆ ಉದ್ದವಾಗಿ ಚಾಚುವ, ಗಿಡ್ಡವಾಗುವ ಆರು ಕಾಲುಗಳು. ಆದರೆ ಕಾಲುಗಳು ಕೋಣೆಯನ್ನು ಒಂದೆರಡು ಮೀಟರ್ ಮಾತ್ರ ಅಲುಗಾಡಿಸಬಲ್ಲವು. ಹಾಗಿದ್ದರೂ ರನ್‌ವೇ ಮೇಲೆ ವೇಗವಾಗಿ ಓಡಿದಂತೆ ಅನಿಸುತ್ತದೆ. ಹೇಗೆ?

ನಿಂತ ಬಸ್ಸು ಜೋರಾಗಿ ಹೊರಟಾಗ ನಿಮ್ಮ ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ಆರಾಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಾಗಲೂ ಬೆನ್ನು ಒತ್ತಿಕೊಳ್ಳುತ್ತದೆ. ಕಣ್ಣು ಮುಚ್ಚಿದರೆ ಎರಡೂ ಒತ್ತಡ ಒಂದೇ ತರಹ. ಸಿಮ್ಯುಲೇಟರ್ ಮಾಡುವುದು ಇದನ್ನೇ. ಕೋಣೆಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸುತ್ತದೆ, ಪರದೆಯ ಮೇಲೆ ರನ್‌ವೇ ಸರಸರನೆ ಹಿಂದೆ ಸರಿಯುವುದನ್ನು ತೋರಿಸುತ್ತದೆ. ‘ವೇಗ ಹೆಚ್ಚುತ್ತಿದೆ’ ಎಂದು ಮೆದುಳು ತೀರ್ಮಾನಿಸುತ್ತದೆ. ಪೈಲಟ್‌ಗೆ ಮೋಡದಲ್ಲಿ ಮೋಸ ಮಾಡಿದ ಕಿವಿಯೇ ಇಲ್ಲಿ ಪಾಠಕ್ಕೆ ನೆರವಾಗುತ್ತದೆ!

ಲೆಕ್ಕವೇ ವಿಮಾನ

ಸಿಮ್ಯುಲೇಟರ್‌ನ ನಿಜವಾದ ಜೀವ ಇರುವುದು ಲೆಕ್ಕದಲ್ಲಿ. ಹಾರುವ ವಿಮಾನದ ಮೇಲೆ ನಾಲ್ಕು ಬಲಗಳಿವೆ. ರೆಕ್ಕೆ ಮೇಲಕ್ಕೆ ಎತ್ತುತ್ತದೆ. ತೂಕ ಕೆಳಕ್ಕೆ ಜಗ್ಗುತ್ತದೆ. ಎಂಜಿನ್ ಮುಂದಕ್ಕೆ ನೂಕುತ್ತದೆ. ಗಾಳಿಯ ತಡೆ ಹಿಂದಕ್ಕೆ ಎಳೆಯುತ್ತದೆ. ಪೈಲಟ್ ಹಿಡಿಯನ್ನು ಅಲುಗಿಸಿದಾಗ ಈ ಬಲಗಳು ಎಷ್ಟಾದವು, ಅದರಿಂದ ವಿಮಾನ ಎಷ್ಟು ಸರಿಯಿತು ಎಂದು ಕಂಪ್ಯೂಟರ್ ಲೆಕ್ಕ ಮಾಡುತ್ತದೆ. ಸೆಕೆಂಡಿಗೆ ಒಂದು ಸಲವಲ್ಲ, ಹತ್ತಾರು ಸಲ. ಸೆಕೆಂಡಿಗೆ 50 ಮೀಟರ್ ಹೋಗುವ ವಿಮಾನವನ್ನು ಸೆಕೆಂಡಿಗೆ 50 ಸಲ ಲೆಕ್ಕ ಮಾಡಿದರೆ, ಅದು ಪ್ರತಿ ಸಲ ಒಂದೊಂದೇ ಮೀಟರ್ ಸರಿಯುತ್ತದೆ. ಹೆಜ್ಜೆಗಳು ಅಷ್ಟು ಚಿಕ್ಕದಾದ್ದರಿಂದ ನಮ್ಮ ಕಣ್ಣಿಗೆ ಒಂದೇ ಓಟದಂತೆ ಕಾಣುತ್ತದೆ.

ಬೆಂಗಳೂರಿನಲ್ಲಿ: ಹಾರುವ ಮೊದಲೇ ಹಾರಿದ ತೇಜಸ್

ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1940ರಲ್ಲಿ ಶುರುವಾಯಿತು. ಅದೇ ಇಂದಿನ ಎಚ್.ಎ.ಎಲ್. ಅಲ್ಲಿ ತಯಾರಾದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿತು. 1961ರಲ್ಲಿ ಮಾರುತ್ ಎಂಬ ಯುದ್ಧವಿಮಾನ ಹಾರಿತು.

ನಮ್ಮ ಹಗುರ ಯುದ್ಧವಿಮಾನ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಮೇಲೇರಿತು. ಮುಂದೆ 2003ರಲ್ಲಿ ಅದಕ್ಕೆ ತೇಜಸ್ ಎಂದು ಹೆಸರಿಟ್ಟರು. ಹಾರಿಸಿದವರು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್. ತೇಜಸ್ ಚುರುಕಾಗಿ ತಿರುಗಲೆಂದೇ ಅದನ್ನು ತಾನಾಗಿ ಸ್ಥಿರವಾಗಿರದಂತೆ ರೂಪಿಸಿದ್ದಾರೆ. ಅಂಗೈ ಮೇಲೆ ಕೋಲು ನಿಲ್ಲಿಸಿ ನೋಡಿದ್ದೀರಲ್ಲ? ಕೈಯನ್ನು ಸದಾ ಆಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಕೋಲು ಬೀಳುತ್ತದೆ. ತೇಜಸ್‌ನಲ್ಲಿ ಹಾಗೆ ‘ಕೈ ಆಡಿಸುವ’ ಕೆಲಸ ಕಂಪ್ಯೂಟರ್‌ನದು. ಅದರ ಲೆಕ್ಕ ತಪ್ಪಿದ್ದರೆ ಮೊದಲ ಹಾರಾಟದಲ್ಲೇ ವಿಮಾನವೂ ಹೋಗುತ್ತಿತ್ತು, ಪೈಲಟ್ ಪ್ರಾಣಕ್ಕೂ ಅಪಾಯವಿತ್ತು. ಆದ್ದರಿಂದ ಬೆಂಗಳೂರಿನ ವಿಜ್ಞಾನಿಗಳು ಮೊದಲು ಸಿಮ್ಯುಲೇಟರ್‌ಗಳಲ್ಲಿ ಆ ಲೆಕ್ಕವನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಪೈಲಟ್‌ಗಳು ನೆಲದ ಮೇಲೆಯೇ ‘ಹಾರಿ’ ತಪ್ಪು ಹುಡುಕಿಕೊಟ್ಟರು. ನಿಜವಾದ ತೇಜಸ್ ಮೇಲೇರುವ ಮೊದಲೇ ಲೆಕ್ಕದ ತೇಜಸ್ ಎಷ್ಟೋ ಸಲ ಹಾರಿ ಇಳಿದಿತ್ತು.

ಮನೆಯಲ್ಲೇ ಹಾರಾಟ

ಮನೆಯ ಕಂಪ್ಯೂಟರ್‌ಗಳು ಬಂದ ಹೊಸದರಲ್ಲೇ, 1980ರ ಸುಮಾರಿಗೆ, ಅಮೆರಿಕದ ಬ್ರೂಸ್ ಆರ್ಟ್‌ವಿಕ್ ಅವುಗಳಿಗಾಗಿ ಹಾರಾಟದ ಪ್ರೋಗ್ರಾಂ ಬರೆದರು. 1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬಂತು. ಆಗ ಬೆಟ್ಟ, ಮನೆಗಳೆಲ್ಲ ಬರೀ ಗೆರೆಗಳು. ಈಗ ಉಪಗ್ರಹ ತೆಗೆದ ಚಿತ್ರಗಳಿಂದ ನಿಜವಾದ ನೆಲವೇ ಪರದೆಯ ಮೇಲೆ ಬರುತ್ತದೆ. ಹಣ ಕೊಡದೆ ಬಳಸಬಹುದಾದ ‘ಫ್ಲೈಟ್‌ಗೇರ್’ ಎಂಬ ಪ್ರೋಗ್ರಾಂ ಕೂಡ ಇದೆ. ಅದನ್ನು ಹಲವು ದೇಶಗಳ ಹವ್ಯಾಸಿಗಳು ಸೇರಿ ಬೆಳೆಸಿದ್ದಾರೆ.

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಪರದೆಯ ಮೇಲೆ ಹೊರಟಿರಿ ಎಂದುಕೊಳ್ಳಿ. ರಾಣೆಬೆನ್ನೂರು ಆಕಾಶ ಮಾರ್ಗದಲ್ಲಿ ಸುಮಾರು 100 ಕಿ.ಮೀ. ಗಂಟೆಗೆ 200 ಕಿ.ಮೀ. ಹೋಗುವ ಸಣ್ಣ ವಿಮಾನಕ್ಕೆ ಅರ್ಧ ಗಂಟೆಯ ದಾರಿ. ಕೆಳಗೆ ರೈಲು ಹಳಿಯನ್ನು ಹಿಡಿದುಕೊಂಡರೆ ಸಾಕು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸಾಲಾಗಿ ಬರುತ್ತವೆ. ಮುಂದೆ ಬೆಳ್ಳಿಯ ಪಟ್ಟಿಯಂತೆ ತುಂಗಭದ್ರೆ. ಅದರ ದಂಡೆಯಲ್ಲೇ ಹಳೆಯ ಕೋಟೆಯ ಊರು ಐರಣಿ. ರೇಡಿಯೊ ಇಲ್ಲದ ಕಾಲದ ಪೈಲಟ್‌ಗಳು ದಾರಿ ಕಂಡುಕೊಳ್ಳುತ್ತಿದ್ದುದೂ ಹೀಗೆಯೇ. ದಿಕ್ಸೂಚಿ, ಗಡಿಯಾರ, ರೈಲು ಹಳಿ ಮತ್ತು ನದಿ!

ಬಳ್ಳಾರಿಗೆ ಬಂದ ಅಂಚೆ

ಹಳೆಯ ಹಾರಾಟಗಳನ್ನು ಮತ್ತೆ ಮಾಡಿ ನೋಡುವುದು ಈ ಹವ್ಯಾಸಿಗಳಿಗೆ ಬಲು ಇಷ್ಟ. ರೈಟ್ ಸಹೋದರರ 1903ರ ವಿಮಾನವೂ ಸಿಮ್ಯುಲೇಟರ್‌ನಲ್ಲಿದೆ. ಅದನ್ನು 12 ಸೆಕೆಂಡು ನೆಟ್ಟಗೆ ನಿಲ್ಲಿಸಲು ಹೆಣಗಿದ ಮೇಲೆ ಆ ಸಹೋದರರ ಸಾಹಸ ಎಷ್ಟು ದೊಡ್ಡದು ಎಂದು ಅರ್ಥವಾಗುತ್ತದೆ.

ನಮ್ಮ ನಾಡಿಗೂ ಇಂಥ ಒಂದು ಹಾರಾಟದ ನಂಟಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ‘ಪಸ್ ಮಾತ್’ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ಮದ್ರಾಸಿಗೆ ಅಂಚೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಆ ದಾರಿಯಲ್ಲಿ ವಿಮಾನ ಇಳಿಯುತ್ತಿದ್ದ ಊರು ನಮ್ಮ ಬಳ್ಳಾರಿ.

ಈ ದಾರಿಯನ್ನು ಇಂದು ಸಿಮ್ಯುಲೇಟರ್‌ನಲ್ಲಿ ಹಾರಿದರೆ ಬಳ್ಳಾರಿ ಹತ್ತಿರವಾದಂತೆ ಬಲಗಡೆ ದೂರದಲ್ಲಿ ದೊಡ್ಡ ಜಲಾಶಯ ಕಾಣುತ್ತದೆ. ಅದು ಹೊಸಪೇಟೆಯ ತುಂಗಭದ್ರಾ ಜಲಾಶಯ. ಐರಣಿಯ ಮುಂದೆ ಹರಿದ ನೀರೇ ಅಲ್ಲಿಗೆ ಹೋಗಿ ಸೇರುತ್ತದೆ. ಆದರೆ ವಿನ್ಸೆಂಟ್ ಅದನ್ನು ನೋಡಿರಲು ಸಾಧ್ಯವಿಲ್ಲ. ಅಲ್ಲಿ ನೀರು ನಿಂತದ್ದು 1953ರಲ್ಲಿ! ಹಾಗಾಗಿ ಸಿಮ್ಯುಲೇಟರ್ ತೋರಿಸುವುದನ್ನೆಲ್ಲ ಹಾಗೆಯೇ ನಂಬುವಂತಿಲ್ಲ. ಅದರಲ್ಲಿ ವಿಮಾನ ಹಳೆಯದು, ನೆಲ ಮಾತ್ರ ಇಂದಿನದು.

ಇನ್ನೂ ಒಂದು ಮಾತು. ಮನೆಯ ಸಿಮ್ಯುಲೇಟರ್‌ನಲ್ಲಿ ಎಷ್ಟು ಚೆನ್ನಾಗಿ ಹಾರಿಸಿದರೂ ಪೈಲಟ್ ಆಗುವುದಿಲ್ಲ. ಅಲ್ಲಿ ಭಯವಿಲ್ಲ, ಬೆನ್ನ ಹಿಂದೆ ಪ್ರಯಾಣಿಕರಿಲ್ಲ. ಪೈಲಟ್ ಆಗಬೇಕಾದರೆ ಗಣಿತ, ಭೌತವಿಜ್ಞಾನ ಓದಿ, ಗುರುಗಳ ಜೊತೆ ನಿಜವಾಗಿ ಹಾರಿ, ಪರೀಕ್ಷೆ ಪಾಸಾಗಬೇಕು.

ನೀವೇ ಮಾಡಿ ನೋಡಿ: ಹಾಳೆಯ ಮೇಲಿನ ಸಿಮ್ಯುಲೇಟರ್

ಇದಕ್ಕೆ ಕಂಪ್ಯೂಟರ್ ಬೇಡ. ಚೌಕುಳಿ ಹಾಳೆ, ಪೆನ್ಸಿಲ್, ಮೂವರು ಗೆಳೆಯರು ಸಾಕು. ಒಬ್ಬರು ಪೈಲಟ್, ಒಬ್ಬರು ಗಾಳಿ, ಒಬ್ಬರು ಕಂಪ್ಯೂಟರ್.

ಎಂಜಿನ್ ಇಲ್ಲದ ಗ್ಲೈಡರ್ ಐರಣಿಯ ಬಳಿ ಹೊಳೆ ದಾಟಬೇಕು. ಹೊಳೆಯ ಅಗಲ 200 ಮೀಟರ್ ಎಂದು ಇಟ್ಟುಕೊಳ್ಳಿ. ಗ್ಲೈಡರ್ ಈ ದಡದ ಮೇಲೆ 36 ಮೀಟರ್ ಎತ್ತರದಲ್ಲಿದೆ. ಪೈಲಟ್ ಎರಡರಲ್ಲಿ ಒಂದನ್ನು ಆರಿಸಬಹುದು.

ನಿಧಾನ: ಪ್ರತಿ ಸೆಕೆಂಡಿಗೆ 18 ಮೀಟರ್ ಮುಂದೆ, 2 ಮೀಟರ್ ಕೆಳಗೆ.
ವೇಗ: ಪ್ರತಿ ಸೆಕೆಂಡಿಗೆ 26 ಮೀಟರ್ ಮುಂದೆ, 3 ಮೀಟರ್ ಕೆಳಗೆ.

ಕಂಪ್ಯೂಟರ್ ಆದವರು ಪ್ರತಿ ಸೆಕೆಂಡಿಗೆ ಒಂದು ಚುಕ್ಕೆ ಇಡುತ್ತಾ ಹೋಗಲಿ. ಗಾಳಿ ಇಲ್ಲದಿದ್ದರೆ ನಿಧಾನದಲ್ಲಿ 18 ಸೆಕೆಂಡು ಹಾರಿ 324 ಮೀಟರ್, ವೇಗದಲ್ಲಿ 12 ಸೆಕೆಂಡು ಹಾರಿ 312 ಮೀಟರ್ ಹೋಗುತ್ತದೆ. ಎರಡರಲ್ಲೂ ಹೊಳೆ ದಾಟಿತು.

ಈಗ ಗಾಳಿ ಆದವರು ಎದುರಿನಿಂದ ಸೆಕೆಂಡಿಗೆ 8 ಮೀಟರ್ ಬೀಸಲಿ. ಮುಂದೆ ಹೋಗುವ ದೂರದಲ್ಲಿ ಪ್ರತಿ ಸೆಕೆಂಡಿಗೆ 8 ಕಳೆಯಿರಿ. ನಿಧಾನ: 10 × 18 = 180 ಮೀಟರ್. ಗ್ಲೈಡರ್ ನೀರಿಗೆ ಬಿತ್ತು! ವೇಗ: 18 × 12 = 216 ಮೀಟರ್. ದಡ ಸೇರಿತು!

ಬೇಗ ಬೇಗ ಕೆಳಗಿಳಿಯುವ ವಿಮಾನವೇ ಎದುರುಗಾಳಿಯಲ್ಲಿ ಹೆಚ್ಚು ದೂರ ಹೋಯಿತು, ನೋಡಿದಿರಾ? ಭಯಪಟ್ಟು ನಿಧಾನ ಮಾಡಿದ ಪೈಲಟ್ ಮುಳುಗುತ್ತಿದ್ದ. ಗ್ಲೈಡರ್ ಪೈಲಟ್‌ಗಳು ನಿಜವಾಗಿಯೂ ಕಲಿಯುವ ಪಾಠ ಇದು. ನೀವು ಅದನ್ನು ಮೈ ಒದ್ದೆ ಮಾಡಿಕೊಳ್ಳದೆ ಹಾಳೆಯ ಮೇಲೆ ಕಲಿತಿರಿ.

ಯೋಚಿಸಿ, ಉತ್ತರಿಸಿ

1. ಗಾಳಿ ಹಿಂದಿನಿಂದ ಸೆಕೆಂಡಿಗೆ 8 ಮೀಟರ್ ಬೀಸಿದರೆ ನಿಧಾನ ಒಳ್ಳೆಯದೋ ವೇಗ ಒಳ್ಳೆಯದೋ? ಲೆಕ್ಕ ಮಾಡಿ.
2. ಬುಗುರಿಯಂತೆ ಸುತ್ತು ಹೊಡೆದು ನಿಂತಾಗ ಮೈದಾನವೇ ತಿರುಗಿದಂತೆ ಅನಿಸುವುದೇಕೆ?
3. ತಪ್ಪು ಮಾಡಿ ಕಲಿಯಲು ಸಿಮ್ಯುಲೇಟರ್‌ನಂಥ ಉಪಾಯ ಬೇರೆ ಯಾವ ಕೆಲಸಗಳಿಗೆ ಬೇಕು? ತರಗತಿಯಲ್ಲಿ ಚರ್ಚಿಸಿ ಪಟ್ಟಿ ಮಾಡಿ.